ಸೈಲೆನ್ಸರಿಗೆ ತಗಡಿನ ಪಟ್ಟಿ

ನನ್ನನ್ನು 'ಅಜ್ಜಿ' ಎಂದು ಕರೆಯುವ ಹಕ್ಕು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಇದೆ. ಇಬ್ಬರೂ ನನ್ನ ಮಗಳ ಮಕ್ಕಳು. ರಸ್ತೆ ತಿರುವಿನಲ್ಲಿರುವ ವೆಲ್ಡಿಂಗ್ ಅಂಗಡಿಯವನು ಯಾರ ಅನುಮತಿಯೂ ಇಲ್ಲದೆ ಮೂರನೆಯವನಾಗಿ ಆ ಯಾದಿಗೆ ಸೇರಿಕೊಂಡ. ಆಮೇಲೆ ಆದದ್ದಕ್ಕೆಲ್ಲ ಅವನೇ ಹೊಣೆ ಎಂದು ಮೊದಲ ಎರಡು ದಿನ ನಾನು ನಂಬಿದ್ದೆ.

ನನ್ನ ಕಾರಿಗೆ ಇಪ್ಪತ್ತೆರಡು ವರ್ಷ. ಅದರ ಸೈಲೆನ್ಸರ್ ಪೈಪಿಗೆ ತುಕ್ಕು ಹಿಡಿದು, ನಡುವೆ ಎಲ್ಲೋ ತೂತು ಬಿದ್ದು, ಕೆಮ್ಮು ಹತ್ತಿದ ಮುದುಕನೊಬ್ಬ ಖಾಲಿ ಡ್ರಮ್ಮಿನೊಳಗೆ ಕೂತು ಭಾಷಣ ಬಿಗಿದ ಹಾಗೆ ಸದ್ದು ಬರತೊಡಗಿತ್ತು. (ಕಬ್ಬಿಣದ ತುಕ್ಕಿನ ಮೇಲೆ ನಾನು ಬರೆದ ಸಂಶೋಧನಾ ಪ್ರಬಂಧಕ್ಕೆ ಮುನ್ನೂರ ಹನ್ನೆರಡು ಪುಟ. ತುಕ್ಕು ಅದನ್ನು ಓದಿದಂತೆ ಕಾಣಲಿಲ್ಲ.) ಹಾಗಾಗಿ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನು ಕಾರಿನ ಕೆಳಗೆ ಒಂದು ಸಲ ಬಗ್ಗಿ ನೋಡಿ ಎದ್ದ.

"ಅಜ್ಜಿ, ಇದು ವೆಲ್ಡಿಂಗ್ ಕೆಲಸ. ಕಬ್ಬಿಣ ಚೆನ್ನಾಗಿ ಬಿಸಿ ಮಾಡಿದ್ರೆ ಕರಗುತ್ತೆ, ಕರಗಿದ್ರೆ ಅಂಟುತ್ತೆ. ಇದೆಲ್ಲ ನಿಮಗೆ ಹೇಗೆ ಅರ್ಥ ಆಗ್ಬೇಕು, ಬಿಡಿ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ."

ಮೂವತ್ತೆಂಟು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು ನಾನು. ಕಾರು ಹತ್ತಿ ಎಂಜಿನ್ ಚಾಲೂ ಮಾಡಿದೆ. ನನ್ನ ಪರವಾಗಿ ಕಾರೇ ಅವನಿಗೆ ಉತ್ತರ ಕೊಟ್ಟಿತು.

ಮನೆಯಲ್ಲಿ ಗಂಡಸು ಇದ್ದರು. ನಮ್ಮ ಯಜಮಾನರು ನಿವೃತ್ತ ಗ್ರಂಥಪಾಲರು. ಬದುಕಿಡೀ 'ಸದ್ದು ಮಾಡಬೇಡಿ' ಎಂಬ ಫಲಕದ ಕೆಳಗೆ ಕೂತು ಸಂಬಳ ತೆಗೆದುಕೊಂಡವರು. ನನ್ನ ಕಥೆ ಪೂರ್ತಿ ಕೇಳಿ, ಕನ್ನಡಕ ಒರೆಸುತ್ತ, "ನಾನು ಹೋಗಿ ಮಾಡಿಸ್ಕೊಂಡು ಬರ್ಲಾ?" ಎಂದರು.

"ಅಂದ್ರೆ ಅವನು ಹೇಳಿದ್ದೇ ಸರಿ ಅಂತಾನಾ?"

"ಹಾಗಲ್ಲ. ಸೈಲೆನ್ಸರ್ ಸರಿ ಆಗುತ್ತಲ್ಲ ಅಂತ."

ಈ ಮನುಷ್ಯನ ಜೊತೆ ಜಗಳವಾಡುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಗುದ್ದಿದವರ ಕೈಗೂ ತೃಪ್ತಿಯಿಲ್ಲ.

ಅಷ್ಟರಲ್ಲಿ ಮಗಳು ಬಂದಳು. ಅವಳು ಶ್ವಾಸಕೋಶದ ವೈದ್ಯೆ. ಮೂರು ಬೀದಿ ಆಚೆ ಮನೆ. ನನ್ನ ಕಾರು ಹೊರಟದ್ದು ಅಲ್ಲಿಗೆ ಕೇಳಿಸಿತಂತೆ.

"ಅಮ್ಮ, ಆ ಹೊಗೆ ಕಾರೊಳಗೆ ಬಂದ್ರೆ ಏನಾಗುತ್ತೆ ಗೊತ್ತಾ?"

"ಕಾರ್ಬನ್ ಮೋನಾಕ್ಸೈಡ್ ಅಂದ್ರೇನು ಅಂತ ನಿನಗೆ ಹೇಳಿಕೊಟ್ಟವಳೇ ನಾನು. ಕಿಟಕಿ ನಾಲ್ಕೂ ತೆಗೆದೇ ಓಡಿಸ್ತೀನಿ."

"ಗುರುವಾರ ವರ್ಷದ ತಪಾಸಣೆ ಇದೆ. ಅಲ್ಲಿ ಈ ಕಾರು ಫೇಲಾದ್ರೆ ಗುಜರಿಗೆ. ಕೀ ನನ್ನ ಕೈಗೆ. ಆಮೇಲೆ ನೀನು ಎಲ್ಲಿಗೆ ಹೋಗ್ಬೇಕಾದ್ರೂ ನಾನು ಬಿಟ್ಟು ಬರ್ತೀನಿ, ನಾನೇ ಕರ್ಕೊಂಡು ಬರ್ತೀನಿ."

ಬಿಟ್ಟು ಬರುವುದು, ಕರೆದುಕೊಂಡು ಬರುವುದು. ಇವು ಇಸ್ತ್ರಿಗೆ ಕೊಟ್ಟ ಬಟ್ಟೆಯ ವಿಷಯದಲ್ಲಿ ಬಳಸುವ ಕ್ರಿಯಾಪದಗಳು. ಬೆಳಿಗ್ಗೆ ಮನಸ್ಸು ಬಂದಾಗ ಎದ್ದು, ಯಾರನ್ನೂ ಕೇಳದೆ, ನನಗೆ ಬೇಕಾದ ಕಡೆ ಹೋಗಿ ಬರುವ ಸ್ವಾತಂತ್ರ್ಯವನ್ನು ಒಂದು ಕಾಸಿನಷ್ಟು ತೂತಿಗಾಗಿ ಬಿಟ್ಟುಕೊಡುವವಳು ನಾನಲ್ಲ.

"ಆಗಲಿ," ಎಂದೆ. "ಆದ್ರೆ ಇದನ್ನ ನಾನೇ ಸರಿ ಮಾಡ್ತೀನಿ, ಮನೇಲೇ. ವೆಲ್ಡಿಂಗ್ ಬೇಕಾಗೇ ಇಲ್ಲ. ಅಷ್ಟೇ ಅಲ್ಲ, ಯಾವ ವೆಲ್ಡಿಂಗಿನವನ ಕಿಡಿ ಒಂದು ಈ ಪೈಪಿಗೆ ತಾಗಿದ್ರೂ ಕೀ ನಿಂದೇ. ತಪಾಸಣೇಲಿ ಪಾಸಾಗಿದ್ರೂ ಸರಿ."

ಈ ಎರಡನೆಯ ಷರತ್ತನ್ನು ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದನ್ನು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ ಎಂದು ನಾನು ಎಷ್ಟು ತಲೆಮಾರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಶಸ್ತ್ರಚಿಕಿತ್ಸೆ. ಸೈಲೆನ್ಸರಿಗೆಂದೇ ಮಾರುವ ಪೇಸ್ಟಿನ ಒಂದು ಡಬ್ಬಿ, ಪೈಪಿನ ಸುತ್ತ ಬಿಗಿಯುವ ಎರಡು ಕ್ಲಿಪ್ಪು ತಂದಿದ್ದೆ. ತೂತಿನ ಮೇಲೆ ಸುತ್ತಲು ಹಾಲಿನ ಪುಡಿಯ ಹಳೆಯ ಡಬ್ಬ ಕತ್ತರಿಸಿ ಒಂದು ಗೇಣು ತಗಡು ಮಾಡಿಕೊಂಡೆ. ಒಟ್ಟು ಖರ್ಚು, ವೆಲ್ಡಿಂಗಿಗೆ ಆಗಬಹುದಾಗಿದ್ದ ಖರ್ಚಿನ ಐದನೇ ಒಂದು ಪಾಲು. ಜಾಕ್ ಏರಿಸಿ, ಅದನ್ನು ಪೂರ್ತಿ ನಂಬದೆ ಪಕ್ಕಕ್ಕೆ ಮರದ ದಿಮ್ಮಿಗಳನ್ನೂ ಕೊಟ್ಟು, ಹಳೆಯ ಚಾಪೆಯ ಮೇಲೆ ಮಲಗಿ ಕಾರಿನಡಿ ಸರಿದೆ. ಯಜಮಾನರು ಸಾಮಾನು ಕೊಡಲು ಕೂತರು. ಅವರು ಅದನ್ನೆಲ್ಲ ದಿನಪತ್ರಿಕೆಯ ಮೇಲೆ ಅಕಾರಾದಿಯಾಗಿ ಜೋಡಿಸಿದ್ದರು: ಇಕ್ಕಳ, ಉಪ್ಪುಕಾಗದ, ಕತ್ತರಿ, ಕ್ಲಿಪ್ಪು, ತಂತಿ ಬ್ರಷ್, ಪೇಸ್ಟು, ಸುತ್ತಿಗೆ.

"ಬ್ರಷ್ ಕೊಡಿ."

"ಬ್ರಷ್ ಅಂದ್ರೆ ಸಿಗಲ್ಲ. ತಂತಿ ಬ್ರಷ್ ಅಂತ ಕೇಳು. ತಕಾರದಲ್ಲಿದೆ."

"ರೀ, ನನ್ನ ಕಣ್ಣಿಗೆ ತುಕ್ಕು ಉದುರ್ತಾ ಇದೆ."

"ತಗೋ. ಮುಗಿದ ಮೇಲೆ ವಾಪಸ್ ಕೊಡು, ಜಾಗ ಖಾಲಿ ಕಾಣುತ್ತೆ."

ತುಕ್ಕು ಉಜ್ಜಿ ತೆಗೆದೆ. ಉಪ್ಪುಕಾಗದದಲ್ಲಿ ತಿಕ್ಕಿ ಪೈಪನ್ನು ಹೊಳೆಯುವ ಹಾಗೆ ಮಾಡಿದೆ. ಆಮೇಲೆ ಪೇಸ್ಟಿನ ಡಬ್ಬಿಯ ಮೇಲಿನ ಸೂಚನೆ ಓದಲು ಕನ್ನಡಕ ತರಿಸಿದೆ. ಅಂಥ ಕೆಟ್ಟ ಬರವಣಿಗೆಯನ್ನು ನಾನು ಮೊದಲ ವರ್ಷದ ಹುಡುಗರ ಪತ್ರಿಕೆಯಲ್ಲೂ ಕಂಡಿಲ್ಲ. ಆರು ವಾಕ್ಯಕ್ಕೆ ಒಂಬತ್ತು ತಪ್ಪು. ಕಾರಿನಡಿಯಿಂದ ಹೊರಗೆ ಬಂದು, ಕೆಂಪು ಪೆನ್ನು ತೆಗೆದುಕೊಂಡು, ಡಬ್ಬಿಯ ಮೇಲೇ ತಿದ್ದಿದೆ.

ಕಾಗುಣಿತ ತಿದ್ದಿ ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕೊನೆಯ ವಾಕ್ಯ ಹೀಗಿತ್ತು: ಹಚ್ಚಿದ ಮೇಲೆ ಇಪ್ಪತ್ತನಾಲ್ಕು ಗಂಟೆ ತಣ್ಣಗೆ ಒಣಗಲು ಬಿಡಿ, ಅಲ್ಲಿಯವರೆಗೆ ಎಂಜಿನ್ ಚಾಲೂ ಮಾಡಬೇಡಿ. ರಾಸಾಯನಿಕ ಕ್ರಿಯೆಯ ವೇಗ ಹತ್ತು ಡಿಗ್ರಿಗೊಮ್ಮೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಪಾಪ, ಆ ಡಬ್ಬಿಯವರಿಗೆ ಗೊತ್ತಿರಲಿಲ್ಲ. 'ಇಪ್ಪತ್ತನಾಲ್ಕು ಗಂಟೆ' ಎಂಬುದನ್ನು ಹೊಡೆದು ಹಾಕಿ ಮೇಲೆ 'ಅರ್ಧ ಗಂಟೆ, ಎಂಜಿನ್ ಚಾಲೂ ಇಟ್ಟು' ಎಂದು ಬರೆದೆ.

ಯಜಮಾನರು ಇಣುಕಿ ನೋಡಿದರು. "ಅಚ್ಚಾದದ್ದನ್ನ ತಿದ್ದಬಹುದಾ?"

"ತಪ್ಪು ಅಚ್ಚಾದ್ರೆ ತಿದ್ದಲೇಬೇಕು."

ಪೇಸ್ಟು ಮೆತ್ತಿದೆ, ತಗಡು ಸುತ್ತಿದೆ, ಕ್ಲಿಪ್ಪು ಎರಡನ್ನೂ ಬಿಗಿದೆ, ಅರ್ಧ ಗಂಟೆ ಎಂಜಿನ್ ಓಡಿಸಿದೆ. ಭಾಷಣ ನಿಂತಿತು. ಮೊದಲಿನ ಆ ಅಬ್ಬರದ ಜಾಗದಲ್ಲಿ ಬೆಕ್ಕು ನಿದ್ದೆಯಲ್ಲಿ ಗುರುಗುಟ್ಟಿದಷ್ಟು ಸದ್ದು. ನಾನು ಮಗಳಿಗೆ ಫೋನ್ ಮಾಡಿ, ಏನೂ ಹೇಳದೆ, ಫೋನನ್ನು ಪೈಪಿನ ಹತ್ತಿರ ಹಿಡಿದೆ.

"ಅಮ್ಮ? ಏನೂ ಕೇಳಿಸ್ತಿಲ್ಲ."

"ಅದೇ," ಎಂದು ಫೋನ್ ಇಟ್ಟೆ.

ಮಂಗಳವಾರ ಯಜಮಾನರು, ತಪಾಸಣೆಗೆ ಮೊದಲು ಚಕ್ರಕ್ಕೆ ಗಾಳಿ ಹಾಕಿಸಿದರೆ ಒಳ್ಳೆಯದು ಎಂದು ಕಾರು ತೆಗೆದುಕೊಂಡು ಹೋದರು. ವಾಪಸು ಬರಲು ಎರಡು ಗಂಟೆ ಹಿಡಿಯಿತು.

"ನಾಲ್ಕು ಚಕ್ರಕ್ಕೆ ಎರಡು ಗಂಟೆ ಬೇಕಾ?"

"ಐದು. ಸ್ಟೆಪ್ನಿ ಸೇರಿ," ಎಂದು ಅವರು ಕೈ ತೊಳೆಯಲು ಹೋದರು.

ಬುಧವಾರ ನಾನೇ ಓಡಿಸಿದೆ. ಕಾರು ತೇಲಿದಂತೆ ಹೋಗುತ್ತಿತ್ತು. ವೆಲ್ಡಿಂಗ್ ಅಂಗಡಿಯ ಮುಂದೆ ಮೂರು ಸಲ, ಕಿಟಕಿ ಇಳಿಸಿ, ನಿಧಾನವಾಗಿ ಹಾದುಹೋದೆ. (ಒಂದು ಸಲ ಸಾಕಿತ್ತು. ಆದರೆ ಪ್ರಯೋಗದ ಫಲಿತಾಂಶವನ್ನು ಕನಿಷ್ಠ ಮೂರು ಬಾರಿ ದಾಖಲಿಸಬೇಕು.) ಮೂರನೆಯ ಸಲ ಅವನು ಎದ್ದು ನಿಂತು, ನಗುನಗುತ್ತ, ಹಣೆಗೆ ಕೈ ಹಚ್ಚಿ ಸಲಾಮು ಹೊಡೆದ. ವಿದ್ಯೆಯ ಮುಂದೆ ಅಹಂಕಾರ ತಲೆಬಾಗಿತು ಎಂದುಕೊಂಡು ಗತ್ತಿನಲ್ಲೇ ತಲೆಯಾಡಿಸಿ ಮುಂದೆ ಹೋದೆ.

ಗುರುವಾರ ತಪಾಸಣಾ ಕೇಂದ್ರಕ್ಕೆ ಮಗಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸೋಲುವುದನ್ನು ಕಣ್ಣಾರೆ ನೋಡಲು ಬಂದಿದ್ದಾಳೆ, ಆದರೆ ಯಾರ ಸೋಲು ಎಂಬುದು ಅವಳಿಗೆ ತಿಳಿದಿಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಕಾರನ್ನು ಉದ್ದನೆಯ ಗುಂಡಿಯ ಮೇಲೆ ನಿಲ್ಲಿಸಿದರು. ತಪಾಸಣೆಯವನು ಮೆಟ್ಟಿಲಿಳಿದು ಕೆಳಗಿನಿಂದ ದೀಪ ಹಿಡಿದ. ಬ್ರೇಕು ಸರಿ, ಹೊಗೆ ಸರಿ.

"ಮೇಡಂ, ಪೈಪಿಗೆ ತಗಡು ಸುತ್ತಿದ್ದೀರಾ. ಬಿಚ್ಚಿ ನೋಡ್ಬೇಕು. ಒಳಗೆ ತೂತಿದ್ರೆ ಪಾಸ್ ಮಾಡಕ್ಕಾಗಲ್ಲ."

"ಬಿಚ್ಚೋದ್ಯಾಕೆ ಸಾರ್," ಎಂದರು ಯಜಮಾನರು. "ಹೇಗಿದೆಯೋ ಹಾಗೇ ಚೆನ್ನಾಗಿದೆ." ನಾನು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದ್ದು ನಮ್ಮ ಮದುವೆಯಾದ ನಲವತ್ತನಾಲ್ಕು ವರ್ಷಗಳಲ್ಲಿ ಅದೇ ಮೊದಲು. ನನಗೆ ಅಲ್ಲೇ ಹೊಳೆಯಬೇಕಿತ್ತು.

"ನೀವು ಸುಮ್ನಿರಿ," ಎಂದೆ. "ಬಿಚ್ಚಪ್ಪ. ನಿನಗೂ ಒಂದಿಷ್ಟು ಕಲಿತ ಹಾಗಾಗುತ್ತೆ."

ಕ್ಲಿಪ್ಪು ಸಡಿಲವಾದ ಸದ್ದು. ತಗಡು ಬಿದ್ದ ಸದ್ದು. ಆಮೇಲೆ ಗುಂಡಿಯೊಳಗಿಂದ ಮೆಚ್ಚುಗೆಯ ಧ್ವನಿ.

"ಎಂಥಾ ಅಚ್ಚುಕಟ್ಟು ವೆಲ್ಡಿಂಗ್ ಮೇಡಂ. ಹೊಲಿಗೆ ಹಾಕಿದಂಗಿದೆ. ಪಾಸು. ಆದ್ರೆ ಇಷ್ಟು ಚೆನ್ನಾಗಿ ವೆಲ್ಡಿಂಗ್ ಮಾಡಿಸಿ, ಮೇಲೆ ಹಾಲಿನ ಪುಡಿ ಡಬ್ಬ ಯಾಕೆ ಸುತ್ತಿದ್ರಿ?"

ನಾನೇ ಮೆಟ್ಟಿಲಿಳಿದು ನೋಡಿದೆ. ನನ್ನ ಪೇಸ್ಟಿನ ಒಂದು ಚೂರೂ ಅಲ್ಲಿರಲಿಲ್ಲ. ತೂತಿದ್ದ ಜಾಗದಲ್ಲಿ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತ ಹೊಸ ಬೆಸುಗೆ ಹೊಳೆಯುತ್ತಿತ್ತು. ಮೇಲೆ ನೋಡಿದೆ. ಗುಂಡಿಯ ಅಂಚಿನಲ್ಲಿ ಎರಡು ಮುಖ. ಮಗಳು ನನ್ನನ್ನು ನೋಡುತ್ತಿದ್ದಳು. ಯಜಮಾನರು ಎದುರು ಗೋಡೆಯ ಮೇಲಿದ್ದ ಸುರಕ್ಷತಾ ನಿಯಮಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಕಾರು ಪಾಸಾಗಿತ್ತು. ನಾನು ನನ್ನದೇ ಷರತ್ತಿನಲ್ಲಿ ಸಿಕ್ಕಿಬಿದ್ದಿದ್ದೆ. ಕೀಲಿಕೈ ಉಳಿಯಬೇಕಾದರೆ ಆ ಬೆಸುಗೆ ಬೆಸುಗೆಯಲ್ಲ ಎಂದು ಸಾಧಿಸಬೇಕು. ಸಾಧಿಸಲು ಹೊರಟೆ.

"ಇದು ವೆಲ್ಡಿಂಗ್ ಅಲ್ಲ," ಎಂದೆ. "ಪೇಸ್ಟಿನಲ್ಲಿ ಸಿಲಿಕೇಟ್ ಇರುತ್ತೆ. ಎಂಜಿನ್ನಿನ ಶಾಖಕ್ಕೆ ಅದು ಕಬ್ಬಿಣದ ಜೊತೆ ಬೆರೆತು, ಲೋಹದ ಹಾಗೇ ಗಟ್ಟಿಯಾಗುತ್ತೆ. ನೋಡೋಕೆ ಬೆಸೆದ ಹಾಗೆ ಕಾಣುತ್ತೆ, ಅಷ್ಟೇ. ಸ್ವಯಂ ಬೆಸುಗೆ ಅಂತ ಹೇಳಬಹುದು."

ತಪಾಸಣೆಯವನು ಭಕ್ತಿಯಿಂದ ಜೇಬಿನಿಂದ ಚೀಟಿ ತೆಗೆದ. "ಯಾವ ಪೇಸ್ಟು ಮೇಡಂ? ನಮ್ಮ ಭಾವನ ವ್ಯಾನಿಗೂ ತೂತಾಗಿದೆ."

ಅಷ್ಟರಲ್ಲಿ ಮಗಳು ಮೇಲಿನಿಂದ ಬಗ್ಗಿದಳು. ಅವಳ ಧ್ವನಿ ತುಂಬ ಮೃದುವಾಗಿತ್ತು. ರೋಗಿಗಳ ಜೊತೆ ಹಾಗೆ ಮಾತಾಡುತ್ತಾಳಂತೆ.

"ಅಮ್ಮ, ಈಗ ನೀನು ಹೇಳಿದ್ದನ್ನ ನಾನು ನಿನ್ನ ಪರೀಕ್ಷೇಲಿ ಬರೆದಿದ್ರೆ ಎಷ್ಟು ಅಂಕ ಕೊಡ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ಒಂದು ಆಗಲೇ ಹೇಳಿಯಾಗಿತ್ತು. ಆದರೆ ಮೌಲ್ಯಮಾಪನದಲ್ಲಿ ಸುಳ್ಳು ಹೇಳುವುದು ನನ್ನಿಂದ ಆಗದ ಕೆಲಸ.

"ಸೊನ್ನೆ," ಎಂದೆ. ಕೀಲಿಕೈಯನ್ನು ಮೇಲಕ್ಕೆ ಚಾಚಿದೆ.

ಅವಳು ತೆಗೆದುಕೊಂಡಳು. ಸ್ವಲ್ಪ ಹೊತ್ತು ಕೈಯಲ್ಲಿ ಆಡಿಸಿದಳು. "ಸತ್ಯ ಒಪ್ಪಿಕೊಂಡಿದ್ದಕ್ಕೆ ಎರಡು ಕೃಪಾಂಕ ಕೊಡ್ಲಾ? ವಾರಕ್ಕೆ ಎರಡು ದಿನ ಕಾರು."

"ಕೃಪಾಂಕ ಕೊಟ್ಟವಳಲ್ಲ ನಾನು. ತಗೊಳ್ಳೋದೂ ಇಲ್ಲ."

"ಹಾಗಾದ್ರೆ ಸರಿ," ಎಂದು ಅವಳು ಕೀಲಿಕೈಯನ್ನು ಅಪ್ಪನ ಕೈಗಿಟ್ಟು ಆಸ್ಪತ್ರೆಗೆ ಹೊರಟಳು.

ಮನೆಗೆ ಯಜಮಾನರು ಓಡಿಸಿದರು. ನಾನು ಪಕ್ಕದ ಸೀಟಿನಲ್ಲಿ. ಅರ್ಧ ದಾರಿಯವರೆಗೆ ಯಾರೂ ಮಾತಾಡಲಿಲ್ಲ. ಕಾರೂ ಮಾತಾಡಲಿಲ್ಲ, ಅದೇ ತೊಂದರೆ.

"ನನ್ನ ತಗಡು ಯಾವಾಗ ಬಿತ್ತು?" ಎಂದೆ.

"ಮಂಗಳವಾರ, ಮೊದಲನೇ ಹಂಪ್ ಮೇಲೆ. ಪೇಸ್ಟಿನ ಮೇಲ್ಪದರ ಮಾತ್ರ ಒಣಗಿತ್ತು, ಒಳಗೆ ಹಸಿ ಹಿಟ್ಟು. ತಗಡು ರಸ್ತೇಲಿ ಉರುಳ್ಕೊಂಡು ಹೋಯ್ತು. ಓಡಿ ಹಿಡ್ಕೊಂಡೆ."

"ವೆಲ್ಡಿಂಗ್ ಮಾಡಿಸಿದ್ರಲ್ಲ, ಆಮೇಲೆ ತಗಡು ಯಾಕೆ ವಾಪಸ್ ಸುತ್ತಿಸಿದ್ರಿ? ಎಸೆಯೋದಲ್ವಾ?"

ಅವರು ನನ್ನ ಕಡೆ ನೋಡಿದ ರೀತಿ, ಪುಸ್ತಕ ಹರಿದವರನ್ನು ನೋಡುವ ರೀತಿ. "ತೆಗೆದದ್ದನ್ನ ಅದರ ಜಾಗದಲ್ಲೇ ಇಡ್ಬೇಕಲ್ಲ."

ಎರಡು ದಿನ ಮನೆಯಲ್ಲಿ ಕೂತೆ. ಮೂರನೆಯ ದಿನ ಮಗಳಿಗೆ ಫೋನ್ ಮಾಡಿ, ಮರುಮೌಲ್ಯಮಾಪನಕ್ಕೆ ಅವಕಾಶವಿದೆಯೇ ಎಂದು ಕೇಳಿದೆ. (ನನ್ನ ಮೂವತ್ತೆಂಟು ವರ್ಷಗಳಲ್ಲಿ ಅಂಥ ಅರ್ಜಿ ಒಂದನ್ನೂ ಪುರಸ್ಕರಿಸಿದವಳಲ್ಲ ನಾನು.)

"ಇದೆ," ಎಂದಳು. "ಆದ್ರೆ ಅರ್ಜಿ ಬರವಣಿಗೇಲಿ ಇರ್ಬೇಕು. ಅಪ್ಪನ ಮೂಲಕ ಬರ್ಬೇಕು. ಈಗ ಕೀ ಅವರ ಹತ್ರ ಇದೆಯಲ್ಲ."

ಬರೆದೆ. ಒಂದು ಪುಟ, ತಪ್ಪಿಲ್ಲದ ಭಾಷೆ, ಕೆಳಗೆ ಪೂರ್ತಿ ಸಹಿ. ಯಜಮಾನರು ಅದನ್ನು ನಿಂತೇ ಎರಡು ಸಲ ಓದಿದರು, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು, "ಪರಿಶೀಲನೆಯಲ್ಲಿದೆ" ಎಂದರು.

ಇಂದಿಗೆ ಹನ್ನೊಂದು ದಿನ.