ಸಮುದ್ರಕ್ಕೆ ಹೊರಟ ಎಮ್ಮೆ

ಕುರ್ಚಿಯನ್ನು ಕಂಡುಹಿಡಿದ ಪುಣ್ಯಾತ್ಮ ಮೊದಲೇ ನಮ್ಮ ಸೋದರಮಾವನನ್ನು ನೋಡಿದ್ದರೆ ಆ ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ! ಮಾವ ಕುಳಿತದ್ದನ್ನು ತುರ್ವಿಹಾಳದಲ್ಲಿ ಕಂಡವರೇ ಇಲ್ಲ. ಊಟ ಅಂಗಳದಲ್ಲಿ ಅಡ್ಡಾಡುತ್ತಾ, ಚಹಾ ಬಾಗಿಲಲ್ಲಿ ನಿಂತು. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಎದ್ದು, ಇನ್ನೊಂದು ಕೆನ್ನೆಯ ಸಾಬೂನು ಒರೆಸಿಕೊಳ್ಳುತ್ತಾ ಬಸ್ಸು ಹತ್ತಿದ ಆಸಾಮಿ. ಯಾವ ಬಸ್ಸು ಅಂತೀರಾ? ಯಾವುದು ಮೊದಲು ಹೊರಟಿತೋ ಅದು!

ಭತ್ತ ಹೊಲದಲ್ಲಿರುವತನಕ ಚಿಂತೆಯಿಲ್ಲ. ನೀರು ಬಿಡುವುದು, ಬದು ನೋಡುವುದು ಎಂದು ಮಾವನ ಕಾಲಿಗೆ ಕೆಲಸವಿರುತ್ತದೆ. ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆಯಿತೆಂದರೆ ನಮಗೆಲ್ಲ ಗ್ರಹಚಾರ ಶುರು. ಮನೆಯಲ್ಲಿರುವ ಹಾಸಿಗೆ, ಕಪಾಟು, ನೀರಿನ ಕೊಡ ಎಲ್ಲವನ್ನೂ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸುತ್ತಾನೆ. ಒಮ್ಮೆ ನಾನು ಮಧ್ಯಾಹ್ನ ಅಡುಗೆಮನೆಯಲ್ಲಿ ಮಲಗಿದ್ದವಳು ಎದ್ದಾಗ ಅದು ದೇವರಮನೆಯಾಗಿತ್ತು.

ಅತ್ತೆಯದು ಇದಕ್ಕೆ ತದ್ವಿರುದ್ಧ. ಮದುವೆಯಾಗಿ ಬಂದಾಗಿನಿಂದ ಒಂದು ರಾತ್ರಿಯೂ ಆ ಮನೆ ಬಿಟ್ಟು ಮಲಗಿದವಳಲ್ಲ. ಆಸೆ ಇಲ್ಲವೆಂದಲ್ಲ, ಎಮ್ಮೆ ಬಿಡುತ್ತಿರಲಿಲ್ಲ! ಅವರ ಎಮ್ಮೆಗಳದು ವಂಶದಿಂದ ಬಂದ ಹಟ: ಅತ್ತೆಯ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ. ಅಜ್ಜಿ ಎಮ್ಮೆ ಹಾಗೆ, ತಾಯಿ ಎಮ್ಮೆ ಹಾಗೆ, ಈಗಿನದನ್ನಂತೂ ಕೇಳಲೇಬೇಡಿ. ಮಾವ ಚರಿಗೆ ಹಿಡಿದು ಹತ್ತಿರ ಹೋದರೆ ಒದ್ದೇ ಮಾತಾಡಿಸುತ್ತದೆ. ತನ್ನ ಸ್ವಂತ ತಂಗಿಯ ಮದುವೆಗೆ ಹೋದ ಅತ್ತೆ ಅಕ್ಷತೆ ಹಾಕಿದವಳೇ, ಹಾಲು ಹಿಂಡುವ ಹೊತ್ತಿಗೆ ಮನೆ ಸೇರಿದ್ದಳು.

ಅಂಥ ಅತ್ತೆಗೆ ಒಂದೇ ಒಂದು ಆಸೆ, ಸಮುದ್ರ ನೋಡುವುದು. “ಅದಕ್ಕ ಗೇಟs ಇಲ್ಲಂತಲ್ಲಬೇ, ಪಾಳಿ ಇಲ್ಲಂತ. ಯಾರೂ ಬಂದ್ ಮಾಡಾಕ ಬರಂಗಿಲ್ಲಂತ! ಅಂಥಾ ನೀರಾಗ ಒಮ್ಮೆ ಕಾಲಿಟ್ಟು ನಿಂದರಬೇಕು ನೋಡು,” ಎನ್ನುವಳು. ಕಾಲುವೆ ನೀರಿನ ಪಾಳಿ ಕಾಯುತ್ತಲೇ ತಲೆ ಬೆಳ್ಳಗಾದವಳಿಗೆ ಅದಕ್ಕಿಂತ ದೊಡ್ಡ ಸೋಜಿಗ ಇನ್ನಾವುದು?

ಈ ಬೇಸಿಗೆಯಲ್ಲಿ ಆ ಮಾತು ಮಾವನ ಕಿವಿಗೆ ಬಿತ್ತು. “ಎಮ್ಮಿ ಬಿಟ್ಟು ಬರಾಕ ಆಗಂಗಿಲ್ಲ ಹೌದಿಲ್ಲೋ? ಹಂಗಾರ ಎಮ್ಮಿನೂ ಕರಕೊಂಡು ಹೋಗೂನು!” ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಬೆಳಿಗ್ಗೆ ಬಾಡಿಗೆ ಪಿಕಪ್ ಗಾಡಿ ಅಂಗಳದಲ್ಲಿ ನಿಂತಿತ್ತು.

ಮಸ್ಕಿ, ಲಿಂಗಸುಗೂರು, ಬಾದಾಮಿ, ಅಲ್ಲಿಂದ ಕಾರವಾರದ ಸಮುದ್ರ. ಇದು ಮಾವನ ಯೋಜನೆ. ಲಾಡ್ಜಿನವರು ಎಮ್ಮೆಗೆ ರೂಮು ಕೊಡುವುದಿಲ್ಲವಾದ್ದರಿಂದ ಬಯಲಲ್ಲೇ ಬಿಡಾರ. ಭತ್ತ ಒಣಗಿಸುವ ತಾಡಪತ್ರಿಯೇ ಡೇರೆ. ಮುಂದೆ ಪಿಕಪ್ಪಿನಲ್ಲಿ ಮಾವ, ಎಮ್ಮೆ, ಅದರ ಕರು ಮತ್ತು ಹುಲ್ಲು. ಹಿಂದೆ ನನ್ನ ಹಳೆಯ ಕಾರಿನಲ್ಲಿ ನಾನು ಮತ್ತು ಅತ್ತೆ. ನಾನು ಸಿಂಧನೂರಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು, ರಜೆಯಿತ್ತು. ಅತ್ತೆ ದಾರಿಯುದ್ದಕ್ಕೂ ಎಮ್ಮೆಯ ಬಾಲದ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ.

ಸಿಂಧನೂರಿನ ಸರ್ಕಲ್ಲಿನಲ್ಲೇ ಪರಿಚಯದವರೊಬ್ಬರು ಗಾಡಿ ನಿಲ್ಲಿಸಿದರು.

“ಸಂತಿಗೇನ್ರೀ ಗೌಡ್ರ?”

“ಅಲ್ಲಪಾ, ಟೂರಿಗೆ.”

“ಮತ್ತ ಹಿಂದಿನದು?”

“ಅದೂ ಟೂರಿಗೇ!”

ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಬಿಡಾರ ಹೂಡಿದೆವು. ಹೂಡಿದೆವು ಅಂದರೆ, ಮಾವ ಮೊದಲು ಬೇವಿನ ಮರದ ಕೆಳಗೆ ಹೂಡಿದ, ಆಮೇಲೆ ಬಂಡೆಯ ಮಗ್ಗುಲಿಗೆ, ಆಮೇಲೆ ಮತ್ತೆ ಬೇವಿನ ಮರದ ಕೆಳಗೆ. ನಾನು ಮೇಷ್ಟರಗಿತ್ತಿಯ ಚಟಕ್ಕೆ ಶಾಸನದ ಮುಂದೆ ಅವನನ್ನು ನಿಲ್ಲಿಸಿ, “ಮಾವ, ಅಶೋಕನ ಹೆಸರು ಇದೇ ಕಲ್ಲಿನ ಮ್ಯಾಲ ಕೆತ್ತ್ಯಾರ,” ಎಂದೆ. ಮಾವ ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಕೆತ್ತಿದವ ಭಾಳ ತಾಳ್ಮಿ ಮನುಷ್ಯಾ ಬಿಡು. ನನಗ ಒಂದು ಸಹಿ ಹಾಕೋತನಕ ನಿಂದ್ರಾಕ ಆಗಂಗಿಲ್ಲ. ನೋಡಿದಂಗಾತು, ನಡೀರಿ!”

ಬೆಳಿಗ್ಗೆ ಅತ್ತೆ ನಗುತ್ತಲೇ ಎದ್ದಳು. “ಬಾಗಲಾ ಹಾಕೀನೋ ಇಲ್ಲೋ ಅಂತ ಎದ್ದು ನೋಡಿದ್ರ, ಬಾಗಲಾನs ಇಲ್ಲಬೇ!” ಮನೆಯಿಂದಾಚೆ ಅವಳು ಕಳೆದ ಮೊದಲ ರಾತ್ರಿ ಅದು. ಆ ನಗು ನೋಡಿ ನನಗೆ ಮಾವನ ಹುಚ್ಚಿನ ಮೇಲೆ ನಿಜಕ್ಕೂ ಪ್ರೀತಿ ಬಂತು.

ದಾರಿಯಲ್ಲಿ ಸಂತೆಕಲ್ಲೂರಿಗೆ ಹೋಗಿದ್ದು ಎಮ್ಮೆಯ ಸಲುವಾಗಿ. ಹುಟ್ಟಿದಾಗಿನಿಂದ ಭತ್ತದ ಹುಲ್ಲನ್ನೇ ತಿಂದ ಎಮ್ಮೆಗೆ ಬಿಳಿಜೋಳದ ಕಣಿಕೆಯ, ಆ ಒಣದಂಟಿನ ರುಚಿ ತೋರಿಸಬೇಕಂತೆ! ಕಣಿಕೆ ಹಾಕುವಷ್ಟರಲ್ಲಿ ಜನ ಮುತ್ತಿದರು. ಒಬ್ಬ ಎಮ್ಮೆಯ ಬಾಯಿ ತೆರೆದು ಹಲ್ಲು ನೋಡಿದ, ಇನ್ನೊಬ್ಬ ಕೆಚ್ಚಲು ಮುಟ್ಟಿ ಒದೆಸಿಕೊಂಡ.

“ಮಾರಾಕ ತಂದಿಲ್ಲರೀ, ತೋರ್ಸಾಕ ತಂದೀನಿ,” ಎಂದ ಮಾವ.

“ತೋರ್ಸಾಕಂದ್ರ? ಯಾರಿಗೆ ತೋರ್ಸತೀರಿ ಎಮ್ಮಿನ?”

“ಎಮ್ಮಿನ ತೋರ್ಸಾಕಲ್ಲ. ಎಮ್ಮಿಗೆ ಊರು ತೋರ್ಸಾಕ!”

ಆ ಜನ ಒಂದು ಹೆಜ್ಜೆ ಹಿಂದೆ ಸರಿದರು.

ಲಿಂಗಸುಗೂರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಎಮ್ಮೆ ಇಳಿದದ್ದೇ ಮರದ ನೆರಳಿಗೆ ಬಿದ್ದುಕೊಂಡು ಏದುಸಿರು ಬಿಡತೊಡಗಿತು. ಹುಲ್ಲು ಮೂಸಲಿಲ್ಲ, ಸಂಜೆ ಹಾಲೂ ತೀರ ಕಡಿಮೆ. ದನದ ಡಾಕ್ಟರು ಬಂದು ಸೂಜಿ ಹಾಕಿ, “ಇದನ್ನ ಇನ್ನ ಮುಂದಕ್ಕ ಒಯ್ಯಬ್ಯಾಡ್ರಿ. ತಂಪೊತ್ತಿನ್ಯಾಗ ಮನಿಗೆ ಹೊಡಕೊಂಡು ಹೋಗ್ರಿ,” ಎಂದರು. ಅತ್ತೆ ಎಮ್ಮೆಯ ಮೈಮೇಲೆ ನೀರು ಸುರಿದು, ಹಣೆ ಸವರಿ, ತಾಡಪತ್ರಿ ಮಡಚಲು ಕುಳಿತಳು. “ಸಮುದ್ರ ಎಲ್ಲಿ ಓಡಿ ಹೋಗತೈತಿ ಬಿಡಬೇ,” ಎಂದಳು ನನಗೆ. ನಗಲು ನೋಡಿದಳು, ಆಗಲಿಲ್ಲ. ನನಗೆ ಅಳುವೇ ಬಂತು. ಮಾವ ಮಾತ್ರ ಗಾಡಿಯ ಸುತ್ತ ಸುತ್ತುತ್ತಿದ್ದ.

ಬೆಳಿಗ್ಗೆ ನಾವಿಬ್ಬರೂ ಮುಖ ತೊಳೆದುಕೊಂಡು ಬಂದರೆ ಒಣಹಾಕಿದ್ದ ಅತ್ತೆಯ ಸೀರೆ ಇಲ್ಲ! ಹುಡುಕುತ್ತಾ ಹೋದರೆ, ಪ್ಯಾಂಟಿನ ಮೇಲೆ ಆ ಸೀರೆ ಸುತ್ತಿಕೊಂಡು, ಮೀಸೆ ಮುಚ್ಚುವಂತೆ ಸೆರಗು ಹೊದ್ದು, ಎಮ್ಮೆಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ನಮ್ಮ ಮಾವ ಕುಳಿತಿದ್ದಾನೆ! ಅತ್ತೆ ಮಾಡುವ ಹಾಗೆಯೇ ನಾಲಿಗೆಯಲ್ಲಿ ಲೊಚಗುಟ್ಟುತ್ತಿದ್ದಾನೆ. ಟಂಟಂ ಆಟೋ ಕಾಯುತ್ತಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ಎಮ್ಮೆ ಕತ್ತು ತಿರುಗಿಸಿ ಸೆರಗು ಮೂಸಿತು, ಬಹಳ ಹೊತ್ತು ಯೋಚಿಸಿತು. ಮಾವ ಅಲುಗಲಿಲ್ಲ. ಕಾಲ ಬೆರಳುಗಳು ಮಾತ್ರ ಕುಣಿಯುತ್ತಿದ್ದವು. ಕಡೆಗೆ ಚರಿಗೆಯಲ್ಲಿ ಸರ್ ಎಂದು ಹಾಲು ಬಿತ್ತು.

“ನೀ ಈ ಹುಡುಗಿ ಕೂಡ ಹೋಗು,” ಎಂದ ಮಾವ, ತಲೆ ಎತ್ತದೆ. “ನಾ ಎಮ್ಮಿ ಮನಿಗೆ ಒಯ್ತೀನಿ. ನೀ ಬರೋತನಕ ಮನ್ಯಾಗ ಇರ್ತೀನಿ.”

“ನೀವು? ಮನ್ಯಾಗ?”

“ಹೂಂ. ಎರಡೂ ಹೊತ್ತು ಹಿಂಗ ಕುಂತು ಹಿಂಡತೀನಿ. ಹೋಗು, ಇಲ್ಲಾಂದ್ರ ನೀ ಯಾವತ್ತೂ ಹೋಗಾಕಿ ಅಲ್ಲ.”

ಅತ್ತೆ ಬಗ್ಗಿ, ಅವನ ತಲೆಯ ಮೇಲಿಂದ ಜಾರುತ್ತಿದ್ದ ಸೆರಗನ್ನು ಸರಿಮಾಡಿದಳು.

ಕಾರವಾರದಲ್ಲಿ ಅತ್ತೆ ಸೀರೆ ಎತ್ತಿ ಹಿಡಿದು ಮೊಣಕಾಲತನಕ ನೀರಿನಲ್ಲಿ ನಿಂತಳು. ತೆರೆ ಬಂತು, ಹೋಯಿತು, ಮತ್ತೆ ಬಂತು. “ಖರೇನs ಯಾರೂ ಬಂದ್ ಮಾಡವಲ್ಲರು ನೋಡು!” ಎಂದು ಚಿಕ್ಕ ಹುಡುಗಿಯಂತೆ ಕೂಗಿದಳು. ನಾನು ಮಾವನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ.

“ಎಲ್ಲದೀರಿ?”

“ಎಲ್ಲಿರ್ಲಿ? ಎಮ್ಮಿ ಮುಂದ ಕುಂತೀನಿ. ನೀ ಬೇಕಾದಷ್ಟು ನೋಡಿ ಬಾ, ಅವಸರಿಲ್ಲ.”

ಅವಸರವಿಲ್ಲ! ಆ ಮಾತು ಆ ಬಾಯಿಂದ! ಅತ್ತೆ ಫೋನು ನನ್ನ ಕೈಗಿಟ್ಟು, ಇನ್ನೊಂದು ತೆರೆ ಕಾಲಿಗೆ ತಾಗುವತನಕ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ದಡಕ್ಕೆ ಬಂದಳು.

“ಸಾಕು ನಡಿಬೇ, ಮನಿಗೆ ಹೋಗೂನು. ಪಾಪ, ಎಷ್ಟೊತ್ತಂತ ಕುಂದ್ರತಾರ ಅವರು!”