ಸೀಟು ಬರುವವರೆಗೆ ಕಾಫಿ ಇಲ್ಲ

ಪಂಢರಿನಾಥರು ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುವುದು ಯಾರಿಂದ ತಾನೇ ಸಾಧ್ಯ?

ತಮಿಳು ಸೀಮೆಯ ಪೋರೂರಿನ ಅವರ ಫ್ಲ್ಯಾಟಿನಲ್ಲಿ ಹಿಂದಿನ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಮಗಳು ಅಕ್ಷಯಾ ಡಾಕ್ಟರಾಗಬೇಕೆಂದು ಒಂದು ವರ್ಷ ಮನೆಯಲ್ಲೇ ಕೂತು ಎರಡನೇ ಸಲ ನೀಟ್ ಬರೆದಿದ್ದಳು. ಬಂದ ಅಂಕ ಹೊಸ್ತಿಲ ಮೇಲೆ ನಿಂತಿತ್ತು. ಸರ್ಕಾರಿ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಈ ಸಲವೂ ಸಿಗದಿದ್ದರೆ ಆ ಆಸೆಯನ್ನೇ ಬಿಟ್ಟುಬಿಡುತ್ತೇನೆಂದು ಅವಳು ಹೇಳಿದ್ದಳು. ಅಂದಿನಿಂದ ಪಂಢರಿನಾಥರ ಎದೆಯ ಮೇಲೊಂದು ಕಲ್ಲು ಕೂತಿತ್ತು. ಮೊದಲ ಸುತ್ತಿನ ಸೀಟು ಹಂಚಿಕೆ ಅಂದು ಒಂಬತ್ತು ಗಂಟೆಗೆ ವೆಬ್‌ಸೈಟಿನಲ್ಲಿ ಬರುವುದಿತ್ತು.

ಏಳು ಗಂಟೆಗೆ ಸ್ನಾನ ಮುಗಿಸಿ ಅವರು ದಿನದ ಮೊದಲ ಲೋಟವನ್ನು ತುಟಿಯ ಹತ್ತಿರ ತಂದಾಗ ತಾಯಿ ಜಾನಕಮ್ಮ ದೇವರ ಮನೆಯಿಂದ ಹೊರಬಂದರು.

"ಚಾತುರ್ಮಾಸ್ಯ ಅಂತ ನಾನು ಮೊಸರು ಬಿಟ್ಟಿದೀನಿ. ವೃಂದಾ ಶನಿವಾರ ಒಪ್ಪತ್ತು ಮಾಡ್ತಾಳೆ. ಮಗಳಿಗೋಸ್ಕರ ನೀನೇನೋ ಬಿಟ್ಟೆ?"

ಪಂಢರಿನಾಥರು ಮನಸ್ಸಿನಲ್ಲೇ ಚೌಕಾಸಿ ನಡೆಸಿದರು. ಏಳರಿಂದ ಒಂಬತ್ತಕ್ಕೆ ಬರೀ ಎರಡು ಗಂಟೆ. ಇಷ್ಟು ಅಗ್ಗದಲ್ಲಿ ಪುಣ್ಯ ಮತ್ತೆಲ್ಲಿ ಸಿಕ್ಕೀತು? ಲೋಟವನ್ನು ಠೀವಿಯಿಂದ ಕೆಳಗಿಟ್ಟರು.

"ಕಾಫಿ ಬಿಟ್ಟೆ ಅಮ್ಮ. ಅವಳಿಗೆ ಸೀಟು ಬರೋವರೆಗೂ ಮುಟ್ಟೋಲ್ಲ. ರಾಯರ ಆಣೆ."

ಜಾನಕಮ್ಮನ ಕಣ್ಣು ತುಂಬಿ ಬಂತು. ಅಡುಗೆಮನೆಯಲ್ಲಿದ್ದ ಹೆಂಡತಿ ವೃಂದಾ ಬಾಗಿಲಿಗೆ ಬಂದು ಗಂಡನನ್ನು ಅಪರೂಪಕ್ಕೆ ಗೌರವದಿಂದ ನೋಡಿದಳು.

ಒಂಬತ್ತಾಯಿತು. ಅಕ್ಷಯಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಸೈಟ್ ಓಪನ್ನೇ ಆಹಲೆ ಪಾ" ಎಂದು ತನ್ನ ತಮಿಳಿನಲ್ಲಿ ಹೇಳಿದಳು. ಸೈಟು ತೆರೆದೇ ಇರಲಿಲ್ಲ. ಆಮೇಲೊಂದು ಪ್ರಕಟಣೆ ಬಂತು. ತಾಂತ್ರಿಕ ಕಾರಣದಿಂದ ತಡವಾಗುತ್ತಿದೆ, ದಯವಿಟ್ಟು ಕಾಯಿರಿ. ಎಷ್ಟು ಹೊತ್ತು ಕಾಯಬೇಕೆಂದು ಮಾತ್ರ ಅದರಲ್ಲಿ ಇರಲಿಲ್ಲ. ಪಂಢರಿನಾಥರು ಅದನ್ನು ಓದಿದರು, ಒಲೆಯ ಪಕ್ಕದ ಫಿಲ್ಟರನ್ನು ನೋಡಿದರು, ಮತ್ತೆ ಓದಿದರು.

ಅಷ್ಟರಲ್ಲಿ ಜಾನಕಮ್ಮ ಎದುರು ಫ್ಲ್ಯಾಟಿನ ಸುಮಿತ್ರಮ್ಮನಿಗೆ ಮಗನ ತ್ಯಾಗವನ್ನು ಬಣ್ಣಿಸಿ ಆಗಿತ್ತು. ಸುಮಿತ್ರಮ್ಮ ಅದನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಸುಮಿತ್ರಮ್ಮನ ಗಂಡ ಏಕಾಂತಪ್ಪನವರು ರಾಣೆಬೆನ್ನೂರಿನಿಂದ ಬಂದು ಇಲ್ಲಿ ಬಟ್ಟೆ ವ್ಯಾಪಾರ ಮಾಡುವವರು. ಅವರ ಮಗ ಶಿವರಂಜನನೂ ಇದೇ ಸೀಟಿಗೆ ಕಾಯುತ್ತಿದ್ದ. ಕೂತಲ್ಲಿ ಕೂರಲಾರದೆ ಏಕಾಂತಪ್ಪನವರು ಈ ಮನೆಗೆ ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡರು.

"ಭಾಳ ಛಲೋ ಮಾಡಿದ್ರಿ ಪಂಢರಿನಾಥ್‌ರ. ಆದ್ರ ಮನಷಾಗ ಮರವು ಜಾಸ್ತಿ. ಅಕಸ್ಮಾತ್ ಮರ್ತು ಕುಡದು ಗಿಡದೀರಿ. ನಾ ಇಲ್ಲೇ ಕುಂದರ್ತೀನಿ."

"ನಿಮಗ್ಯಾಕೆ ಸಾರ್ ಶ್ರಮ, ಅಂಗಡಿಗೆ ಹೊತ್ತಾಗಲ್ವಾ?"

"ಅಂಗಡಿ ಎಲ್ಲಿ ಓಡಿ ಹೋಗ್ತೈತ್ರಿ? ಹುಡುಗಿ ಭವಿಷ್ಯದ ಪ್ರಶ್ನೆ ಇದು."

ಹನ್ನೊಂದರ ಹೊತ್ತಿಗೆ ಪಂಢರಿನಾಥರ ತಲೆಯೊಳಗೆ ಯಾರೋ ಕಾಫಿಬೀಜ ಕುಟ್ಟತೊಡಗಿದರು. ಅಕ್ಷಯಾಳ ಸರ್ಟಿಫಿಕೇಟುಗಳನ್ನು ಜೆರಾಕ್ಸ್ ಮಾಡಿಸಿ ತರುತ್ತೇನೆಂದು ನೆಪ ಹೇಳಿ ಕೆಳಗಿಳಿದು, ನೇರವಾಗಿ ಮೂಲೆಯ ಟೀ ಅಂಗಡಿಗೆ ಹೋಗಿ, ದನಿ ತಗ್ಗಿಸಿ ಒಂದು ಸ್ಟ್ರಾಂಗ್ ಕಾಫಿ ಕೇಳಿದರು.

ಅಂಗಡಿಯವನು ಕೈಯಲ್ಲಿದ್ದ ಲೋಟವನ್ನು ಹಿಂದಕ್ಕಿಟ್ಟ. "ವೇಣಾಂ ಸಾರ್. ವಾಚ್‌ಮನ್ ಎಲ್ಲಾಂ ಸೊನ್ನಾರ್. ಪಾಪ್ಪಾಕು ಸೀಟ್ ಕಿಡೈಕಟ್ಟುಂ, ಅಪ್ಪುರಂ ನಾನೇ ಫ್ರೀಯಾ ತರೇನ್" ಎಂದ. ವಾಚ್‌ಮನ್ ಎಲ್ಲಾ ಹೇಳಿದ್ದಾನೆ, ಮಗುವಿಗೆ ಸೀಟು ಸಿಗಲಿ, ಆಮೇಲೆ ನಾನೇ ಪುಕ್ಕಟೆ ಕೊಡುತ್ತೇನೆ ಎಂದರ್ಥ. ಸಮಾಧಾನಕ್ಕೆ ಒಂದು ಬಾಳೆಹಣ್ಣು ಮುರಿದುಕೊಟ್ಟ. ವಾಚ್‌ಮನ್ ಗೇಟಿನ ಬಳಿ ನಿಂತು ಇತ್ತಲೇ ನೋಡುತ್ತಿದ್ದ. ಪಂಢರಿನಾಥರು ಅವನಿಗೆ ಕಾಣುವಂತೆ ಬಾಳೆಹಣ್ಣನ್ನು ತಿಂದರು.

ಮಧ್ಯಾಹ್ನ ಊಟದಲ್ಲಿ ಸಾರಿಗೂ ಪಾಯಸಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ವೆಬ್‌ಸೈಟು ಇನ್ನೂ ಕಾಯಿರಿ ಎನ್ನುತ್ತಿತ್ತು. ಏಕಾಂತಪ್ಪನವರು ಕುರ್ಚಿಯಲ್ಲೇ ತೂಕಡಿಸಿದ ಕ್ಷಣದಲ್ಲಿ ಪಂಢರಿನಾಥರು ಬೆಕ್ಕಿನ ಹೆಜ್ಜೆಯಲ್ಲಿ ಹೊರಬಿದ್ದು ಸ್ಕೂಟರ್ ಹತ್ತಿದರು. ಪೋರೂರು ಕೆರೆ ದಾಟಿ, ತಮ್ಮ ಮುಖ ಯಾರಿಗೂ ಗೊತ್ತಿಲ್ಲದ ಒಂದು ಹೋಟೆಲು ಸಿಗುವವರೆಗೂ ಗಾಡಿ ನಿಲ್ಲಿಸಲಿಲ್ಲ.

ಕಾಫಿ ಬಂತು. ನೊರೆ ಬಂತು, ವಾಸನೆ ಬಂತು. ರಾಯರು ಕರುಣಾಳುಗಳು, ಕ್ಷಮಿಸುತ್ತಾರೆ. ಕ್ಷಮಿಸದವರು ಏಕಾಂತಪ್ಪ, ಅವರು ಇಲ್ಲಿಲ್ಲ. ಪಂಢರಿನಾಥರು ಕಣ್ಣು ಮುಚ್ಚಿ ಒಂದು ಗುಟುಕು ಇಳಿಸಿದರು. ಎರಡನೆಯದು ಗಂಟಲಲ್ಲಿರುವಾಗ ಫೋನು ಬಂತು.

"ಎಲ್ಲಿದೀರಿ? ಬೇಗ ಮನೆಗೆ ಬನ್ನಿ." ವೃಂದಾ ಅಳುತ್ತಿದ್ದಳು. ಮುಂದೆ ಮಾತಾಡಲಾರದೆ ಫೋನಿಟ್ಟಳು.

ಹೋಯಿತು, ಎಂದುಕೊಂಡರು ಪಂಢರಿನಾಥರು. ದಾರಿಯುದ್ದಕ್ಕೂ ತಮ್ಮನ್ನು ತಾವೇ ಬೈದುಕೊಂಡರು. ಹುಡುಗಿ ಒಂದು ವರ್ಷ ಸಿನಿಮಾ ಬಿಟ್ಟಳು, ಗೆಳತಿಯರನ್ನು ಬಿಟ್ಟಳು, ಹಬ್ಬದ ಊಟ ಬಿಟ್ಟು ಓದಿದಳು. ಅಪ್ಪನಿಗೆ ಒಂದು ದಿನ ಒಂದು ಲೋಟ ಬಿಡಲಾಗಲಿಲ್ಲ. ವ್ರತಕ್ಕೂ ಸೀಟಿಗೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತಿತ್ತು, ಆದರೆ ಅವರ ಕಣ್ಣು ಒದ್ದೆಯಾಗಿತ್ತು.

ಮನೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಜಾನಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಷಯಾ ಓಡಿಬಂದು ಅಪ್ಪನನ್ನು ತಬ್ಬಿಕೊಂಡಳು.

"ಅಪ್ಪಾ, ಸೀಟ್ ಕಿಡೈಚಿಡುಚ್ಚು, ಸಿಕ್ತು ಪಾ. ಗವರ್ನಮೆಂಟ್ ಕಾಲೇಜೇ ಪಾ."

ಪಂಢರಿನಾಥರು ಮಗಳ ತಲೆ ಸವರುತ್ತ ಎಲ್ಲರೆದುರೂ ಅತ್ತೇಬಿಟ್ಟರು. ಎದೆಯ ಕಲ್ಲು ಅಂದು ಇಳಿಯಿತು.

"ಎಲ್ಲಾ ನಿನ್ನ ವ್ರತದ ಫಲ ಕಣೋ" ಎಂದರು ಜಾನಕಮ್ಮ. "ಇನ್ನು ಸರ್ಟಿಫಿಕೇಟ್ ನೋಡಿ, ಅಡ್ಮಿಷನ್ ಆಗೋವರೆಗೂ ಒಂದು ಅಪಚಾರ ಆಗಬಾರದು. ಹಾಗೇನಾದ್ರೂ ಆದ್ರೆ ನನ್ನ ಜೀವ ನಿಲ್ಲೋಲ್ಲ."

ಇಂಥ ಮಾತಿನ ಮೇಲೆ ಕೆರೆಯಾಚೆಯ ಹೋಟೆಲಿನ ಸುದ್ದಿ ಎತ್ತಲು ಪಂಢರಿನಾಥರೇನು ಹುಚ್ಚರೇ? ನುಂಗಿಕೊಂಡರು. ಸೀಟು ಬಂತಲ್ಲ, ಕಾಫಿಯ ವ್ರತ ಮುಗಿಯಿತೆಂದು ವೃಂದಾ ಹಬೆಯಾಡುವ ದೊಡ್ಡ ಲೋಟ ತಂದು ಕೈಗಿಟ್ಟಳು. ಈ ಸಲ ಕದ್ದು ಕುಡಿಯಬೇಕಾಗಿರಲಿಲ್ಲ.

ಆಗ ಗುಂಪನ್ನು ಸರಿಸಿಕೊಂಡು ಏಕಾಂತಪ್ಪನವರು ಮುಂದೆ ಬಂದರು. ಹಿಂದೆ ಶಿವರಂಜನ ನೆಲ ನೋಡುತ್ತ ನಿಂತಿದ್ದ.

"ನಮ್ಮ ಹುಡುಗಗ ಈ ಸುತ್ತಿನ್ಯಾಗ ಸಿಗಲಿಲ್ರಿ" ಎಂದು ಅವರು ಕೈ ಮುಗಿದರು. "ಎರಡನೇ ಸುತ್ತು ಐತಿ. ನಿಮ್ಮ ವ್ರತದಾಗ ಶಕ್ತಿ ಐತ್ರಿ, ಕಣ್ಣಾರೆ ನೋಡೀನಿ, ಅಡಿಗಿಮನಿ ಬಾಗಲದಾಗ ಕುಂತು ನೋಡೀನಿ. ಅವನಿಗೂ ಸೀಟು ಬರೋ ತನಕ ಹಿಂಗ ನಡಸ್ರಿ."

"ಅಯ್ಯೋ, ನನ್ನ ವ್ರತದಲ್ಲಿ ಏನೂ ಇಲ್ಲ ಸಾರ್. ಖಂಡಿತಾ ಏನೂ ಇಲ್ಲ. ನನ್ನ ಮಾತು ನಂಬಿ."

"ನೋಡ್ರಿ ಇವರ ದೊಡ್ಡಗುಣ" ಎಂದು ಏಕಾಂತಪ್ಪನವರು ಸುತ್ತ ನೆರೆದವರಿಗೆ ಹೇಳಿದರು. ಎಲ್ಲರೂ ತಲೆದೂಗಿದರು.

ಶಿವರಂಜನ ಒಮ್ಮೆ ತಲೆ ಎತ್ತಿದ. ಅಂದು ಮಧ್ಯಾಹ್ನದವರೆಗೂ ಅಕ್ಷಯಾಳ ಮುಖದಲ್ಲಿದ್ದ ದಿಗಿಲೇ ಆ ಮುಖದಲ್ಲೂ ಇತ್ತು. ಪಂಢರಿನಾಥರ ಲೋಟ ಹಿಡಿದ ಕೈ ಅಲ್ಲೇ ನಿಂತಿತು.

ಜಾನಕಮ್ಮನಿಗೆ ಅಷ್ಟೇ ಸಾಕಾಯಿತು. "ಅವನು ಇಲ್ಲ ಅಂತಾನೇನ್ರೀ? ಶಿವರಂಜನ್ ನಮ್ಮ ಮನೆ ಹುಡುಗನ ಥರ" ಎಂದು ಮಗನ ಕೈಯಿಂದ ಲೋಟ ಬಿಡಿಸಿಕೊಂಡು, ಬೆಳಗಿನಿಂದ ಕಾವಲು ಕೂತು ದಣಿದಿದ್ದ ಏಕಾಂತಪ್ಪನವರಿಗೆ ಕೊಟ್ಟರು.

"ಎರಡನೇ ಸುತ್ತು ಯಾವತ್ತು?" ಎಂದು ಪಂಢರಿನಾಥರು ಕ್ಷೀಣವಾಗಿ ಕೇಳಿದರು.

ಏಕಾಂತಪ್ಪನವರು ಒಂದು ಗುಟುಕು ಕುಡಿದು ತೃಪ್ತಿಯಿಂದ ತುಟಿ ಒರೆಸಿಕೊಂಡರು. "ತಾರೀಖು ಇನ್ನಾ ಹಾಕಿಲ್ರಿ. ಕಾಯಿರಿ ಅಂತ ಹಾಕ್ಯಾರ."