ಕನಕರಾಜನ ರೊಟ್ಟಿ, ಕಳಕೇಶನ ವೈಫೈ

ಪಕ್ಕದ ಮನೆಯ ಕನಕರಾಜನ ಬೈಕನ್ನು ಹೆಂಡತಿ ನಾಗರತ್ನಾ ಹೊಗಳಿದಳು, ಕಳಕೇಶ ನುಂಗಿಕೊಂಡ. ತಲೆಗೂದಲನ್ನು ಹೊಗಳಿದಳು, ಬೋಳಾಗುತ್ತಿದ್ದ ನೆತ್ತಿ ಸವರಿಕೊಂಡು ಅದನ್ನೂ ನುಂಗಿಕೊಂಡ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ನಾಗರತ್ನಾ ಹೊಗಳಿದ್ದು ಕನಕರಾಜನ ರೊಟ್ಟಿಯನ್ನು!

"ಏನ್ ತೆಳ್ಳಗ ಬಡದಾನ್ರೀ! ಹಂಚಿನ ಮ್ಯಾಲ ಪೂರಿ ಹಂಗ ಉಬ್ಬಿತ್ತು. ಲಗ್ನಾಗಿ ಇನ್ನಾ ವರ್ಷಾಗಿಲ್ಲ, ಹೆಂಡ್ತೀನ್ನ ಒಲಿ ಮುಂದ ನಿಲ್ಲಗೊಡಾಂಗಿಲ್ಲ ಅಂವ."

ಇದನ್ನು ಮಾತ್ರ ಕಳಕೇಶನಿಗೆ ನುಂಗಲಾಗಲಿಲ್ಲ. ಕಾರಣವಿತ್ತು. ನಾಗರತ್ನಾ ಲಕ್ಕಲಕಟ್ಟಿಯ ಶಾಲೆಯಲ್ಲಿ ಟೀಚರ್. ಅವಳು ಬಸ್ಸಿಳಿದು ಬರುವಷ್ಟರಲ್ಲಿ, ಗಜೇಂದ್ರಗಡದ ಬಟ್ಟೆ ಅಂಗಡಿಯಲ್ಲಿ ಬಿಲ್ ಹೊಡೆದು ಮೊದಲೇ ಮನೆ ಸೇರುವ ಕಳಕೇಶನೇ ದಿನವೂ ರೊಟ್ಟಿ ಬಡಿಯುತ್ತಿದ್ದ. ಕಿಟಕಿ ಮುಚ್ಚಿ, ಟಿವಿ ಜೋರು ಮಾಡಿ (ಬಡಿಯುವ ಸದ್ದು ಓಣಿಗೆ ಕೇಳಬಾರದಲ್ಲ!). ಕಟ್ಟೆಯ ಮೇಲೆ ಕೂತಾಗ ಮಾತ್ರ, "ನಾ ಅಡಗಿಮನಿ ಹೊಸ್ತಲಾ ದಾಟಾಂವಲ್ಲ" ಎಂದು ಮೀಸೆ ತಿರುವುತ್ತಿದ್ದ. ಈ ಗುಪ್ತ ಸೇವೆಗೆ ಹೆಂಡತಿಯಿಂದ ಈವರೆಗೆ ಸಿಕ್ಕ ಪರಮೋಚ್ಚ ಪ್ರಶಸ್ತಿ: "ಇವತ್ತ ರೊಟ್ಟಿ ಹೊತ್ತಿಲ್ಲ."

ಸಂಕಟ ಮರೆಯಲು ಫೋನ್ ಹಿಡಿದರೆ ನೆಟ್ ತೆವಳುತ್ತಿತ್ತು. ಮನೆಯ ವೈಫೈಗೆ ಯಾರ್ಯಾರು ಜೋತುಬಿದ್ದಿದ್ದಾರೆಂದು ನೋಡಿದ. ಟಿವಿ, ಸ್ಪೀಕರ್, ಹಾಲಿಗೆ ಬಾಯಿ ಹಾಕುವ ಬೆಕ್ಕನ್ನು ಹಿಡಿಯಲು ಅಡುಗೆಮನೆಯಲ್ಲಿಟ್ಟ ಕ್ಯಾಮೆರಾ, ಜೊತೆಗೆ ಕನಕರಾಜನ ಫೋನು! ಆ ಫೋನು ದಿನಾ ಸಂಜೆ ಅಡುಗೆಮನೆಯನ್ನು ನೋಡುತ್ತದೆಂದು ಕ್ಯಾಮೆರಾ ಚಾಡಿಯನ್ನೂ ಹೇಳಿತು. ಆ ಹೊತ್ತಿಗೆ ಅಲ್ಲಿರುವವರು ಯಾರೆಂದು ಯೋಚಿಸುವಷ್ಟು ಜಾಗವನ್ನು ಹೊಟ್ಟೆಕಿಚ್ಚು ಅವನ ತಲೆಯಲ್ಲಿ ಉಳಿಸಿರಲಿಲ್ಲ.

"ನಮ್ಮ ಪಾಸ್‌ವರ್ಡ್ ಅವಂಗ ಹ್ಯಾಂಗ ಗೊತ್ತಾತು?"

"ನಾನ ಕೊಟ್ಟೆ. ಅವ್ನ ಹೆಂಡ್ತಿ ಹೆಪ್ಪು ಕೇಳಾಕ ಬಂದಿದ್ಲು, ಹಂಗ ಅದನ್ನೂ ಕೇಳಿದ್ಲು. ಹೆಪ್ಪು ಕೊಟ್ಟು ಪಾಸ್‌ವರ್ಡ್ ಇಲ್ಲ ಅನ್ನಾಕ ಬರತೈತೇನ್ರಿ?"

"ಮತ್ತ ಕ್ಯಾಮೆರಾದ್ದು?"

"ಅದನ್ಯಾರ ಕೊಡಬೇಕು? ತಂದಾಗಿಂದ ಒಂದು ಎರಡು ಮೂರು ನಾಕು ಅಂತನ ಐತಿ. ಬದ್ಲಿ ಮಾಡ್ತೀನಿ ಅಂದಾವ್ರು ನೀವ."

ಗಜೇಂದ್ರಗಡದ ಕೋಟೆ ಕಟ್ಟಿದವರಿಗೂ ಅಂಥ ಹುರುಪು ಇದ್ದಿರಲಿಕ್ಕಿಲ್ಲ. ವೈಫೈಗೆ ಮಾರುದ್ದದ ಹೊಸ ಪಾಸ್‌ವರ್ಡ್, ಕ್ಯಾಮೆರಾಕ್ಕೆ ಇನ್ನೊಂದು, ಬಾಕಿ ಬಿದ್ದಿದ್ದ ಅಪ್‌ಡೇಟ್‌ಗಳೆಲ್ಲ ಮುಗಿದವು. ಕೊನೆಗೆ ಕನಕರಾಜನ ಫೋನನ್ನು ಹೆಸರು ಹಿಡಿದು ಹೊರಗೆ ದಬ್ಬಿ, ಶತ್ರುಸಂಹಾರ ಮಾಡಿದ ಸಮಾಧಾನದಲ್ಲಿ ಮಲಗಿದ.

ಮರುದಿನ ಸಂಜೆ ತನ್ನ ರೊಟ್ಟಿ ಮುಗಿಸಿ, ಕೈತೊಳೆದು, ಕಟ್ಟೆಗೆ ಬಂದು ಮೀಸೆಗೆ ಕೈಹಾಕಿದ್ದನಷ್ಟೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಕನಕರಾಜ ಓಡಿಬಂದ.

"ಅಣ್ಣಾ, ಕ್ಯಾಮೆರಾ ಯಾಕ ಬಂದ್ ಮಾಡೀರಿ? ನಿಮ್ಮನ್ನ ನೋಡಿ ನೋಡಿನ ಬಡಿಯಾಕ ಕಲ್ತಿದ್ದೆ. ಇವತ್ತ ಬಿಸಿನೀರು ಎಷ್ಟ ಹಾಕಬೇಕೋ ತಿಳೀವಲ್ತು, ಎಲ್ಲಾ ಹರದ ಹೋದ್ವು!"

ಕಟ್ಟೆಯವರೆಲ್ಲ ಕಳಕೇಶನತ್ತ ತಿರುಗಿದರು.

"ಏ, ನನ್ನನ್ನೆಲ್ಲಿ ನೋಡಿದ್ಯೋ? ಆಕಿ ನಾಗರತ್ನಾ ಇರಬೇಕು."

"ವೈನಿಗೆ ಮೀಸಿ ಅದಾವೇನಣ್ಣಾ?"

ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಗಷ್ಟೇ ಬಸ್ಸಿಳಿದು ಬಂದ ನಾಗರತ್ನಾ, "ಕಲಿಸಿದಾಂವಗಿಂತ ಕಲ್ತಾಂವ ಚಲೋ ಮಾಡಾಕತ್ತಾನಂತ ಇವ್ರಿಗೆ ಹೊಟ್ಟಿಕಿಚ್ಚು, ತಮ್ಮಾ" ಎಂದು ಗಾಯಕ್ಕೆ ಉಪ್ಪು ಸವರಿದಳು. ಎದುರು ಮನೆಯ ಬಾಳವ್ವ ಬಾಗಿಲಿಗೇ ಬಂದಳು.

"ನಾಗರತ್ನಾ, ನಮ್ಮವ್ರ ಫೋನಿಗೂ ಅದನ್ನಷ್ಟ ಹಾಕಿಕೊಡವ್ವ. ಅವ್ರೂ ಕಲೀಲಿ."

"ಅದಕ್ಕೇನ್ ಬಿಡ್ರಿ. ಬಂದಾವ್ರಿಗಂತ ಬ್ಯಾರೇನ ವೈಫೈ ಮಾಡಾಕ ಬರತೈತಂತ. ಕ್ಯಾಮೆರಾ ಅದಕ್ಕ ಹಚ್ಚಿ ಬಿಡೂಣು. ಉಳಿದಿದ್ದೆಲ್ಲಾ ಇವ್ರ ಹೊಸಾ ಪಾಸ್‌ವರ್ಡಿನ ಕ್ವಾಟಿಯೊಳಗ ಇರಲಿ. ಹೌದಲ್ರೀ?"

ಕಳಕೇಶ ಹೌದೆಂದ.

ಈಗ ಸಂಜೆ ಕಿಟಕಿ ಮುಚ್ಚುವ ಕೆಲಸವಿಲ್ಲ. ಅವನು ಹಿಟ್ಟಿಗೆ ಕೈಹಾಕಿದನೋ ಇಲ್ಲವೋ, ಬಸ್ಸಿನಿಂದಲೇ ನಾಗರತ್ನಾಳ ಫೋನ್ ಬರುತ್ತದೆ:

"ರೀ, ಸ್ವಲ್ಪ ಬಾಜೂ ಸರೀರಿ. ಬಾಳವ್ವನ ಯಜಮಾನ್ರಿಗೆ ಹಂಚು ಕಾಣವಲ್ತಂತ."